ಐ, ಮಿ, ಮೈಸೆಲ್ಫ್: ಮಾತಿನಲ್ಲಿ ಯಾವುದು ಎಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಮಾತಾಡುವಾಗ ದೊಡ್ಡ ದೊಡ್ಡ ಪದಗಳು ಕೈಕೊಡುವುದು ಕಡಿಮೆ. ಅವನ್ನು ಉರು ಹೊಡೆದುಕೊಂಡೇ ಬಂದಿರುತ್ತೇವೆ. ನಾಲಿಗೆ ತಡವರಿಸುವುದು 'ಐ', 'ಮಿ', 'ಇಟ್', 'ದೇ' ಥರದ ಪುಟ್ಟ ಪದಗಳ ಹತ್ತಿರ. ಇವು ಸರ್ವನಾಮಗಳು. ನೋಡಲು ಒಂದೇ ಥರ, ಕೆಲಸ ಬೇರೆ ಬೇರೆ. ನನ್ನನ್ನು ಜನ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳು ಕೆಳಗಿವೆ. ಪರೀಕ್ಷೆಗೆ ಓದುವವರಿಗಿಂತ, ಎದುರಿಗೆ ಕೂತು ಮಾತಾಡಬೇಕಾದವರಿಗೆ ಜಾಸ್ತಿ ಉಪಯೋಗ ಆಗಬಹುದು.

ಪರಿಚಯ ಹೇಳುವಾಗ 'ಮೈಸೆಲ್ಫ್' ಅಂತ ಶುರು ಮಾಡಿದರೆ ತಪ್ಪಾ?

ತಪ್ಪು. ಕೇಳಿದವರಿಗೆ ಅರ್ಥವೇನೋ ಆಗುತ್ತದೆ, ಆದರೆ ಮೊದಲ ಹೆಜ್ಜೆಯಲ್ಲೇ ಎಡವಿದ ಹಾಗೆ. 'ಐ ಆ್ಯಮ್' ಅನ್ನಿ, ಹೆಸರು ಹೇಳಿ. ಇಲ್ಲವೇ 'ಮೈ ನೇಮ್ ಈಸ್' ಅನ್ನಿ. ಅಷ್ಟೇ.

ಈ 'ಮೈಸೆಲ್ಫ್' ನಮ್ಮ ಬಾಯಿಗೆ ಯಾಕೆ ಬರುತ್ತದೆ ಅಂತ ನನಗೊಂದು ಅನುಮಾನ ಇದೆ. 'ನಾನು ನಾನು' ಅನ್ನುವವರನ್ನು ಕಂಡರೆ ನಮಗೆ ಅಷ್ಟಕ್ಕಷ್ಟೇ. ಹಾಗಾಗಿ 'ಐ' ಸ್ವಲ್ಪ ಸೊಕ್ಕಿನ ಪದ, ಉದ್ದದ್ದು ವಿನಯದ್ದು ಅನಿಸುತ್ತದೆ. ಇಂಗ್ಲಿಷಿನ 'ಐ'ಗೆ ಸೊಕ್ಕೂ ಇಲ್ಲ, ವಿನಯವೂ ಇಲ್ಲ. ಅದು ಮಾತಾಡುತ್ತಿರುವವರು ಯಾರು ಅಂತ ತೋರಿಸುತ್ತದೆ, ಅಷ್ಟು ಮಾಡಿ ಸುಮ್ಮನಾಗುತ್ತದೆ.

ಹಾಗಾದರೆ 'ಮೈಸೆಲ್ಫ್' ಎಲ್ಲಿ ಬಳಸಬೇಕು?

ಎರಡು ಕಡೆ. ಎರಡಕ್ಕೂ ಕನ್ನಡದಲ್ಲೇ ಸುಳಿವು ಸಿಗುತ್ತದೆ.

ಒಂದು, ಮಾಡಿದವರೂ ನಾವೇ, ಅದನ್ನು ಅನುಭವಿಸಿದವರೂ ನಾವೇ ಆದಾಗ. ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ 'ಐ ಕಟ್ ಮೈಸೆಲ್ಫ್'. 'ಕೊಯ್ದುಕೊಂಡೆ' ಅನ್ನುವಲ್ಲಿ 'ಕೊಂಡೆ' ಮಾಡುವ ಕೆಲಸವನ್ನು ಇಲ್ಲಿ 'ಮೈಸೆಲ್ಫ್' ಮಾಡುತ್ತಿದೆ. ಇನ್ನೊಂದು, ಒತ್ತಿ ಹೇಳುವಾಗ. 'ಐ ಡಿಡ್ ಇಟ್ ಮೈಸೆಲ್ಫ್' ಅಂದರೆ 'ನಾನೇ ಮಾಡಿದೆ'. ನಾವು ಒಂದು 'ಏ' ಸೇರಿಸಿ ಮುಗಿಸುವುದಕ್ಕೆ ಅವರಿಗೆ ಒಂದು ಇಡೀ ಪದ ಬೇಕು.

ಹಾಗಂತ 'ಕೊಂಡೆ' ಬಂದಲ್ಲೆಲ್ಲ 'ಮೈಸೆಲ್ಫ್' ತುರುಕಬೇಡಿ. 'ನೆನಪಿಟ್ಟುಕೊಂಡೆ' ಅನ್ನಲು 'ಐ ರಿಮೆಂಬರ್ಡ್ ಇಟ್' ಸಾಕು. 'ಬಟ್ಟೆ ಹಾಕಿಕೊಂಡೆ' ಅನ್ನಲು 'ಐ ಗಾಟ್ ಡ್ರೆಸ್ಡ್' ಸಾಕು. ಮತ್ತೆ, ಆಫೀಸಿನ ಮೇಲ್‌ಗಳಲ್ಲಿ ಬರುವ 'ಪ್ಲೀಸ್ ಕಾಂಟ್ಯಾಕ್ಟ್ ಮೈಸೆಲ್ಫ್' ಕೂಡ ಬೇಡ. ಇಂಗ್ಲಿಷ್ ಮನೆಮಾತಿನವರೂ ಹೀಗೆ ಬರೆಯುತ್ತಾರೆ, ನಿಜ. ಆದರೂ ಅಲ್ಲಿ ಬೇಕಿರುವುದು ಬರೀ 'ಮಿ'.

'ಮೈ ಬ್ರದರ್ ಆ್ಯಂಡ್ ಐ' ಅನ್ನಬೇಕಾ, 'ಮೈ ಬ್ರದರ್ ಆ್ಯಂಡ್ ಮಿ' ಅನ್ನಬೇಕಾ?

ಪಕ್ಕದವರನ್ನು ಬೆರಳಿಂದ ಮುಚ್ಚಿ ನೋಡಿ. 'ಮೈ ಬ್ರದರ್ ಆ್ಯಂಡ್ ಐ ವೆಂಟ್ ಔಟ್' ಅನ್ನುವುದರಲ್ಲಿ ತಮ್ಮನನ್ನು ಮುಚ್ಚಿದರೆ 'ಐ ವೆಂಟ್ ಔಟ್' ಉಳಿಯುತ್ತದೆ. ಸರಿ ಇದೆ. 'ಶಿ ಕಾಲ್ಡ್ ಮೈ ಬ್ರದರ್ ಆ್ಯಂಡ್ ಐ' ಅನ್ನುವುದರಲ್ಲಿ ಮುಚ್ಚಿದರೆ 'ಶಿ ಕಾಲ್ಡ್ ಐ'. ಇದನ್ನು ಯಾರೂ ಹೇಳುವುದಿಲ್ಲ, ಅಲ್ವಾ? ಅಲ್ಲಿಗೆ 'ಮಿ' ಬೇಕು.

ಈ ಉಪಾಯ ಕೆಲಸ ಮಾಡದ ಒಂದು ಜಾಗ ಇದೆ: 'ಬಿಟ್ವೀನ್'. ಇಬ್ಬರಿಲ್ಲದೆ 'ನಡುವೆ' ಅನ್ನಲು ಆಗುವುದಿಲ್ಲವಲ್ಲ. ಅಲ್ಲಿ ಇಬ್ಬರನ್ನೂ ಸೇರಿಸಿ ಒಂದೇ ಪದ ಇಟ್ಟು ನೋಡಿ. 'ಬಿಟ್ವೀನ್ ಅಸ್' ಅನ್ನುತ್ತೇವೆ, 'ಬಿಟ್ವೀನ್ ವಿ' ಅನ್ನುವುದಿಲ್ಲ. ಹಾಗಾಗಿ 'ಬಿಟ್ವೀನ್ ಯು ಆ್ಯಂಡ್ ಮಿ' ಸರಿ. ಇಲ್ಲಿ 'ಐ' ಹಾಕುವವರು ತುಂಬಾ ಜನ, ಅದರಲ್ಲೂ ಚೆನ್ನಾಗಿ ಓದಿಕೊಂಡವರು. ಚಿಕ್ಕಂದಿನಲ್ಲಿ 'ಮಿ ಆ್ಯಂಡ್ ಮೈ ಫ್ರೆಂಡ್' ಅಂದು ಬೈಸಿಕೊಂಡವರು ಆಮೇಲೆ 'ಮಿ' ಕಂಡರೇ ಹೆದರುತ್ತಾರೆ. ತಪ್ಪು ಮಾಡಬಾರದು ಅನ್ನುವ ಭಯದಿಂದಲೇ ಹುಟ್ಟಿದ ತಪ್ಪು ಇದು.

ಇನ್ನು ಬೇರೆಯವರ ಹೆಸರು ಮೊದಲು, ನಮ್ಮದು ಕೊನೆಗೆ ಅನ್ನುವುದು ನಡವಳಿಕೆಯ ಮಾತು. ವ್ಯಾಕರಣಕ್ಕೂ ಅದಕ್ಕೂ ಸಂಬಂಧ ಇಲ್ಲ.

ಬಾಗಿಲು ತಟ್ಟಿ 'ಇಟ್ಸ್ ಮಿ' ಅಂದರೆ ಸರಿಯಾ?

ಸರಿ. 'ಇಟ್ ಈಸ್ ಐ' ಅಂದರೆ ಒಳಗಿದ್ದವರು ಬಾಗಿಲು ತೆಗೆಯುವ ಮೊದಲು ಒಮ್ಮೆ ಯೋಚಿಸುತ್ತಾರೆ. 'ಮಿ ಟೂ' ಕೂಡ ಹೀಗೆಯೇ, 'ಐ ಟೂ' ಅಲ್ಲ.

'ದ್ಯಾನ್ ಮಿ' ಸರಿಯಾ, 'ದ್ಯಾನ್ ಐ' ಸರಿಯಾ?

ಮಾತಿನಲ್ಲಿ 'ಹಿ ಈಸ್ ಟಾಲರ್ ದ್ಯಾನ್ ಮಿ' ಅನ್ನಿ, ಯಾರೂ ಹುಬ್ಬೇರಿಸುವುದಿಲ್ಲ. ಒಂದೇ ಒಂದು ಕಡೆ ಹುಷಾರಾಗಿರಬೇಕು. 'ಶಿ ಲೈಕ್ಸ್ ಹಿಮ್ ಮೋರ್ ದ್ಯಾನ್ ಮಿ' ಅಂದರೆ ಅವಳಿಗೆ ನನಗಿಂತ ಅವನು ಇಷ್ಟ ಅಂತಲೂ ಆಗುತ್ತದೆ, ನಾನು ಅವನನ್ನು ಇಷ್ಟಪಡುವುದಕ್ಕಿಂತ ಅವಳು ಜಾಸ್ತಿ ಇಷ್ಟಪಡುತ್ತಾಳೆ ಅಂತಲೂ ಆಗುತ್ತದೆ. ಎರಡನೆಯದು ನಿಮ್ಮ ಮನಸ್ಸಲ್ಲಿದ್ದರೆ 'ದ್ಯಾನ್ ಐ ಡು' ಅಂದುಬಿಡಿ. ಜಗಳ ತಪ್ಪುತ್ತದೆ.

ಅಪ್ಪನನ್ನು 'ಹಿ' ಅನ್ನಲು ಮನಸ್ಸು ಬರುವುದಿಲ್ಲ. ಗೌರವಕ್ಕೆ 'ದೇ' ಅನ್ನಬಹುದಾ?

ಈ ಪ್ರಶ್ನೆ ಕೇಳದ ಕನ್ನಡಿಗರು ಕಡಿಮೆ. ಉತ್ತರ: ಬೇಡ. 'ಹಿ' ಅಂತಲೇ ಅನ್ನಿ.

ನಾನೇ ಇದರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದು. ಕನ್ನಡ ಗೊತ್ತಿಲ್ಲದ ಸಹೋದ್ಯೋಗಿಗೆ ಫೋನ್ ಮಾಡಿ, 'ಮೈ ಫಾದರ್ ಈಸ್ ನಾಟ್ ವೆಲ್, ದೇ ಆರ್ ಇನ್ ದ ಹಾಸ್ಪಿಟಲ್' ಅಂದೆ. ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಗಾಬರಿಯಿಂದ, 'ಅಪ್ಪ ಅಮ್ಮ ಇಬ್ಬರೂನಾ?' ಅಂತ ಕೇಳಿದರು. ನಾನು ಗೌರವ ಕೊಟ್ಟಿದ್ದೆ. ಅವರಿಗೆ ಕೇಳಿಸಿದ್ದು ಲೆಕ್ಕ.

ವ್ಯತ್ಯಾಸ ಇರುವುದು ಇಲ್ಲೇ. ಕನ್ನಡದ 'ಅವನು', 'ಅವರು' ಎಂಬಲ್ಲಿ ಮರ್ಯಾದೆ ಕೂತಿದೆ. ಇಂಗ್ಲಿಷಿನ 'ಹಿ', 'ಶಿ', 'ದೇ' ಎಂಬಲ್ಲಿ ಅದಕ್ಕೆ ಜಾಗವೇ ಇಲ್ಲ. ರಾಜನೂ 'ಹಿ', ಕಳ್ಳನೂ 'ಹಿ'. ಒಂದು ಕಾಲದಲ್ಲಿ ಎದುರಿಗಿರುವವರಿಗಾದರೂ ನಮ್ಮ 'ನೀನು', 'ನೀವು' ಥರದ ಜೋಡಿ ಇತ್ತು: 'ದೌ' ಮತ್ತು 'ಯು'. 'ಯು' ಮೊದಲು ಹಲವರಿಗೆ ಹೇಳುವ ಪದ, ಆಮೇಲೆ ಒಬ್ಬರೇ ದೊಡ್ಡವರಿಗೂ ಹೇಳುವ ಪದ ಆಯಿತು. ಎಲ್ಲರಿಗೂ ಮರ್ಯಾದೆ ಕೊಡುತ್ತಾ ಕೊಡುತ್ತಾ, 17ನೇ ಶತಮಾನ ಮುಗಿಯುವ ಹೊತ್ತಿಗೆ ಸಾಮಾನ್ಯ ಮಾತಿನಿಂದ 'ದೌ' ಹೆಚ್ಚುಕಡಿಮೆ ಕಾಣೆಯಾಯಿತು. ಈಗ ಉಳಿದಿರುವುದು ಒಂದು ಕಾಲದ 'ನೀವು' ಮಾತ್ರ. ನಾಯಿಗೂ ಅದೇ.

ಹಾಗಾದರೆ ಗೌರವವನ್ನು ಎಲ್ಲಿ ಇಡುವುದು? ವಾಕ್ಯದ ಬೇರೆ ಭಾಗದಲ್ಲಿ. 'ಕುಡ್ ಯು', 'ವುಡ್ ಯು ಮೈಂಡ್' ಅಂತ ಕೇಳುವ ರೀತಿಯಲ್ಲಿ, 'ಸರ್', 'ಮ್ಯಾಮ್' ಅನ್ನುವುದರಲ್ಲಿ, ದನಿಯಲ್ಲಿ. ಇನ್ನೊಂದು ಸಣ್ಣ ವಿಷಯ. ಅಲ್ಲೇ ಪಕ್ಕದಲ್ಲಿ ನಿಂತಿರುವ ಹಿರಿಯರನ್ನು ಬರೀ 'ಶಿ' ಅಂತ ತೋರಿಸಿ ಮಾತಾಡಿದರೆ ಇಂಗ್ಲಿಷಿನಲ್ಲೂ ಒರಟು ಅನಿಸುತ್ತದೆ. ಮೊದಲ ಸಲ ಹೆಸರೋ ಸಂಬಂಧವೋ ಹೇಳಿ, ಆಮೇಲೆ 'ಶಿ' ಅನ್ನಿ.

ಆದರೆ ಒಬ್ಬರಿಗೇ 'ದೇ' ಅನ್ನುವುದನ್ನು ಕೇಳಿದ್ದೇನಲ್ಲ?

ಕೇಳಿರುತ್ತೀರಿ. ಅದು ಗೌರವದ 'ದೇ' ಅಲ್ಲ. ಗಂಡಸೋ ಹೆಂಗಸೋ ಗೊತ್ತಿಲ್ಲದಾಗ, ಅಥವಾ ಅದು ಮುಖ್ಯ ಅಲ್ಲದಾಗ ಬರುವ 'ದೇ'. ಯಾರೋ ಕೊಡೆ ಬಿಟ್ಟು ಹೋಗಿದ್ದಾರೆ: 'ಸಮ್‌ಒನ್ ಲೆಫ್ಟ್ ದೆರ್ ಅಂಬ್ರೆಲಾ'. ಇದೇನೂ ಹೊಸ ಫ್ಯಾಶನ್ ಅಲ್ಲ, 14ನೇ ಶತಮಾನದಿಂದಲೂ ಬರವಣಿಗೆಯಲ್ಲಿ ಸಿಗುತ್ತದೆ. ಮಜಾ ಅಂದರೆ 'ದೇ' ಪದವೇ ಇಂಗ್ಲಿಷಿನದಲ್ಲ, ವೈಕಿಂಗರ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು.

'ಹಿ', 'ಶಿ' ಎರಡೂ ತಮಗೆ ಹೊಂದುವುದಿಲ್ಲ ಅನ್ನುವ ಕೆಲವರು ತಮ್ಮನ್ನು 'ದೇ' ಅನ್ನಿ ಅಂತ ಹೇಳುತ್ತಾರೆ. ಮೆರಿಯಮ್ ವೆಬ್‌ಸ್ಟರ್ ನಿಘಂಟು 2019ರಲ್ಲಿ ಈ ಅರ್ಥವನ್ನು ಸೇರಿಸಿತು, 'ದೇ'ಯನ್ನೇ ಆ ವರ್ಷದ ಪದ ಅಂತಲೂ ಆರಿಸಿತು. ಯಾರಾದರೂ ಹಾಗೆ ಕೇಳಿಕೊಂಡರೆ ಹಾಗೆಯೇ ಅನ್ನುವುದು. 'ಅವರು' ಅಂದುಕೊಂಡು ಬೆಳೆದ ನಮಗೆ ಇದು ಕಷ್ಟವೇ ಆಗಬಾರದು. ಒಬ್ಬರೇ ಆದರೂ ಕ್ರಿಯಾಪದ 'ದೇ ಆರ್' ಅಂತಲೇ ಬರುತ್ತದೆ, 'ದೇ ಈಸ್' ಅಲ್ಲ.

'ನಮ್ಮಮ್ಮ' ಅನ್ನಲು 'ಅವರ್ ಮದರ್' ಅನ್ನಬಹುದಾ?

ನಿಮ್ಮ ಅಣ್ಣನ ಜೊತೆ ಮಾತಾಡುತ್ತಿದ್ದರೆ ಅನ್ನಬಹುದು. ಬೇರೆ ಯಾರೊಡನೆ ಅಂದರೂ 'ನನಗೂ ನಿಮಗೂ ಒಬ್ಬರೇ ಅಮ್ಮನಾ?' ಅನ್ನುವ ಹಾಗೆ ನೋಡುತ್ತಾರೆ. ಅಲ್ಲಿ 'ಮೈ ಮದರ್'. ನಮ್ಮ 'ನಮ್ಮ'ದಲ್ಲಿ ಸಲುಗೆ ಇದೆ, ಅವರ 'ಅವರ್'ನಲ್ಲಿ ಪಾಲು ಇದೆ.

'ವಿ' ಬಗ್ಗೆಯೂ ಒಂದು ಮಾತು. 'ವಿ ಆರ್ ಗೋಯಿಂಗ್ ಔಟ್' ಅಂದರೆ ಕೇಳುತ್ತಿರುವವರೂ ಬರಬೇಕೋ ಬೇಡವೋ ಗೊತ್ತಾಗುವುದಿಲ್ಲ. ತಮಿಳು, ತೆಲುಗಿನಲ್ಲಿ ಕೇಳುಗರನ್ನು ಸೇರಿಸಿಕೊಂಡ 'ನಾವು' ಬೇರೆ, ಬಿಟ್ಟ 'ನಾವು' ಬೇರೆ. ಈಗಿನ ಕನ್ನಡದಲ್ಲಿ ಒಂದೇ, ಇಂಗ್ಲಿಷಿನಲ್ಲೂ ಒಂದೇ. ಅವರೂ ಬರಲಿ ಅನ್ನುವುದಿದ್ದರೆ 'ಲೆಟ್ಸ್ ಗೋ' ಅನ್ನಿ. ಅನುಮಾನಕ್ಕೆ ಜಾಗ ಉಳಿಯುವುದಿಲ್ಲ.

'ನೀವೆಲ್ಲ' ಅನ್ನಲು 'ಯು ಪೀಪಲ್' ಅನ್ನಬಹುದಾ?

ಬೇಡವೇ ಬೇಡ. 'ನಿಮ್ಮಂಥವರು' ಅಂತ ದೂರ ತಳ್ಳಿದ ಹಾಗೆ ಕೇಳಿಸುತ್ತದೆ. 'ಯು ಆಲ್', 'ಆಲ್ ಆಫ್ ಯು', ಸಲುಗೆ ಇದ್ದರೆ 'ಯು ಗೈಸ್'.

ಮಗುವನ್ನು 'ಇಟ್' ಅನ್ನಬಹುದಾ? ನಾಯಿಯನ್ನು?

ಕನ್ನಡದಲ್ಲಿ ಮಗು 'ಅದು'. 'ಮಗು ಅಳ್ತಾ ಇದೆ, ಅದಕ್ಕೆ ಹಸಿವಾಗಿರಬೇಕು' ಅಂದರೆ ಅದರಲ್ಲಿ ಪ್ರೀತಿಯೇ ಇದೆ. ಅದೇ ಮಾತನ್ನು ಇಂಗ್ಲಿಷಿನಲ್ಲಿ ತಾಯಿಯ ಎದುರು 'ಇಟ್' ಹಾಕಿ ಹೇಳಿದರೆ ಅವರ ಮುಖ ಸಣ್ಣದಾಗಬಹುದು. ಗೊತ್ತಿದ್ದರೆ 'ಹಿ' ಅಥವಾ 'ಶಿ'. ಗೊತ್ತಿಲ್ಲದಿದ್ದರೆ 'ಯುವರ್ ಬೇಬಿ' ಅಂತ ಜಾರಿಕೊಳ್ಳಿ. 'ಈಸ್ ಇಟ್ ಎ ಬಾಯ್ ಆರ್ ಎ ಗರ್ಲ್' ಅಂತ ಕೇಳುವುದು ಮಾತ್ರ ರೂಢಿಯಲ್ಲಿದೆ, ಯಾರಿಗೂ ಬೇಜಾರಾಗುವುದಿಲ್ಲ.

ಸಾಕಿದ ನಾಯಿ ಬೆಕ್ಕಿಗೂ 'ಹಿ', 'ಶಿ' ಅನ್ನುವುದೇ ಜಾಸ್ತಿ. ಯಾರದೆಂದು ಗೊತ್ತಿಲ್ಲದ ಪ್ರಾಣಿಗೆ 'ಇಟ್' ಸಾಕು. ಹಡಗನ್ನು 'ಶಿ' ಅನ್ನುತ್ತಾರಲ್ಲ ಅಂತ ಕೇಳುತ್ತೀರೇನೋ. ನಾವಿಕರು ಈಗಲೂ ಅನ್ನುತ್ತಾರೆ. ಆದರೆ ಹಡಗುಗಳ ಸುದ್ದಿಗೇ ಮೀಸಲಾದ ಲಾಯ್ಡ್ಸ್ ಲಿಸ್ಟ್ ಪತ್ರಿಕೆ 2002ರಲ್ಲೇ 'ಶಿ' ಬಿಟ್ಟು 'ಇಟ್' ಹಿಡಿಯಿತು. ನೀವೂ 'ಇಟ್' ಅನ್ನಿ.

ಫೋನಿನಲ್ಲಿ 'ದಿಸ್' ಯಾವಾಗ, 'ದಟ್' ಯಾವಾಗ?

ನಿಮ್ಮ ಹೆಸರು ಹೇಳುವಾಗ 'ದಿಸ್ ಈಸ್'. 'ಐ ಆ್ಯಮ್' ತಪ್ಪಲ್ಲ, ಆದರೆ ಫೋನಿನ ರೂಢಿ 'ದಿಸ್ ಈಸ್'. ಆ ಕಡೆ ಯಾರು ಅಂತ ಕೇಳಲು ಅಮೆರಿಕದವರು 'ಹೂ ಈಸ್ ದಿಸ್' ಅನ್ನುತ್ತಾರೆ, ಬ್ರಿಟನ್ನಿನವರು 'ಹೂ ಈಸ್ ದಟ್' ಅನ್ನುವುದುಂಟು. 'ಹೂ ಆರ್ ಯು' ಮಾತ್ರ ಬೇಡ. 'ಯಾರಯ್ಯ ನೀನು' ಅಂದ ಹಾಗಿರುತ್ತದೆ. 'ಮೇ ಐ ನೋ ಹೂ ಈಸ್ ಕಾಲಿಂಗ್' ಅಂದರೆ ಚೆನ್ನ.

ಎದುರಿಗೆ ಮಾತಾಡುವಾಗಲೂ ಒಂದು ಸೂಕ್ಷ್ಮ ಇದೆ. ಯಾರೋ 'ನನಗೆ ಕೆಲಸ ಸಿಕ್ಕಿತು' ಅಂದರು ಅಂತಿಟ್ಟುಕೊಳ್ಳಿ. ನಾವು 'ಇಟ್ಸ್ ಗ್ರೇಟ್' ಅಂದುಬಿಡುತ್ತೇವೆ. ಅವರು ಅನ್ನುವುದು 'ದಟ್ಸ್ ಗ್ರೇಟ್'. ಎದುರಿನವರು ಈಗಷ್ಟೇ ಹೇಳಿದ್ದಕ್ಕೆ 'ದಟ್'. ನಾವು ಇನ್ನು ಹೇಳಲಿರುವುದಕ್ಕೆ 'ದಿಸ್': 'ಲಿಸನ್ ಟು ದಿಸ್'. ಮಾತು ಚೆಂಡಿನ ಹಾಗೆ. ಅವರ ಕೈಯಲ್ಲಿದ್ದರೆ 'ದಟ್', ನಮ್ಮ ಕೈಯಲ್ಲಿದ್ದರೆ 'ದಿಸ್'.

'ಇಟ್' ಮತ್ತು 'ಒನ್' ನಡುವೆ ಏನು ವ್ಯತ್ಯಾಸ?

ಪೆನ್ನು ಕಳೆದುಹೋಗಿದೆ ಅಂದುಕೊಳ್ಳಿ. ಅದೇ ಪೆನ್ನನ್ನು ಹುಡುಕುತ್ತಿದ್ದರೆ 'ಹ್ಯಾವ್ ಯು ಸೀನ್ ಇಟ್'. ಯಾವುದೋ ಒಂದು ಪೆನ್ನು ಸಿಕ್ಕರೆ ಸಾಕು ಅಂದರೆ 'ಡು ಯು ಹ್ಯಾವ್ ಒನ್'. ಅದೇ ಆದರೆ 'ಇಟ್', ಅಂಥದ್ದೊಂದು ಆದರೆ 'ಒನ್'.

ಇದಕ್ಕಿಂತ ದೊಡ್ಡ ತೊಂದರೆ ಅಂದರೆ ನಾವು 'ಇಟ್' ಹೇಳುವುದನ್ನೇ ಮರೆಯುವುದು. 'ಸಿನಿಮಾ ನೋಡಿದ್ಯಾ?' 'ಹ್ಞೂಂ, ನೋಡಿದೆ.' ಕನ್ನಡದಲ್ಲಿ ಏನನ್ನು ಅಂತ ಮತ್ತೆ ಹೇಳುವ ಅಗತ್ಯವೇ ಇಲ್ಲ, ಯಾರು ಅನ್ನುವುದೂ ಕ್ರಿಯಾಪದದ ಬಾಲದಲ್ಲಿದೆ. ಅದೇ ಅಭ್ಯಾಸದಲ್ಲಿ 'ಯೆಸ್, ಐ ಲೈಕ್' ಅಂತ ನಿಲ್ಲಿಸುತ್ತೇವೆ. ಕೇಳುವವರು ಮುಂದಿನ ಪದಕ್ಕೆ ಕಾಯುತ್ತಲೇ ಇರುತ್ತಾರೆ. 'ಐ ಲೈಕ್ ಇಟ್', 'ಐ ಸಾ ಇಟ್', 'ಐ ಬಾಟ್ ಇಟ್'. ಈ 'ಇಟ್'ಗೆ ಹೇಳಿಕೊಳ್ಳುವಂಥ ಅರ್ಥ ಏನೂ ಇಲ್ಲ. ಆದರೂ ಅದಿಲ್ಲದೆ ವಾಕ್ಯ ಕುಂಟುತ್ತದೆ.

'ಇಟ್ ಈಸ್' ಮತ್ತು 'ದೆರ್ ಈಸ್' ಗೊಂದಲ ಆಗುತ್ತದೆ.

'ಇಟ್ ಈಸ್ ಎ ಪ್ರಾಬ್ಲಮ್' ಅಂದರೆ 'ಅದು ಸಮಸ್ಯೆ'. 'ದೆರ್ ಈಸ್ ಎ ಪ್ರಾಬ್ಲಮ್' ಅಂದರೆ 'ಒಂದು ಸಮಸ್ಯೆ ಇದೆ'. ಕನ್ನಡದಲ್ಲಿ 'ಒಂದು' ಮತ್ತು 'ಇದೆ' ಸೇರಿ ಬರುತ್ತಿದ್ದರೆ ಸಾಮಾನ್ಯವಾಗಿ 'ದೆರ್'. ಹವೆ, ಹೊತ್ತು, ದೂರದ ಮಾತಾದರೆ 'ಇಟ್': 'ಇಟ್ ಈಸ್ ಕೋಲ್ಡ್', 'ಇಟ್ ಈಸ್ ಲೇಟ್', 'ಇಟ್ ಈಸ್ ಫಾರ್'. ಚಳಿ 'ಇದೆ' ಅಂತ ನಾವು ಅಂದರೂ ಅಲ್ಲಿ 'ದೆರ್' ಬರುವುದಿಲ್ಲ.

'ಹೂಮ್' ಬಳಸದಿದ್ದರೆ ನಗುತ್ತಾರಾ?

ಬಳಸಿದರೆ ನಗುವ ಸಾಧ್ಯತೆ ಜಾಸ್ತಿ. ಮಾತಿನಲ್ಲಿ 'ಹೂ ಡಿಡ್ ಯು ಮೀಟ್' ಅಂದರೆ ಧಾರಾಳವಾಗಿ ನಡೆಯುತ್ತದೆ. ಬರವಣಿಗೆಯಲ್ಲಿ, ಅದರಲ್ಲೂ 'ಟು', 'ವಿತ್' ಥರದ ಪದದ ಬೆನ್ನಿಗೇ ಬಂದಾಗ 'ಹೂಮ್' ಬೇಕು.

ಕನ್ನಡಿಗರಿಗೆ ಇದು ಸುಲಭ ಆಗಬೇಕಿತ್ತು. 'ಯಾರು' ಅಂದರೆ 'ಹೂ', 'ಯಾರನ್ನು', 'ಯಾರಿಗೆ' ಅಂದರೆ 'ಹೂಮ್'. ನಾವು ದಿನವೂ ಮಾಡುವ ವ್ಯತ್ಯಾಸವೇ ಇದು. ಈಗ ಒಂದು ಜಾರುವ ಜಾಗ ನೋಡಿ. ಫೋನ್ ಎತ್ತಿದವರು ಯಾವ ಹೆಸರು ಹೇಳಲಿ ಅಂತ ಕೇಳುತ್ತಾ 'ಹೂಮ್ ಶಲ್ ಐ ಸೇ ಈಸ್ ಕಾಲಿಂಗ್' ಅನ್ನುತ್ತಾರೆ. ತುಂಬಾ ಶಿಸ್ತಾಗಿ ಕೇಳಿಸುತ್ತದೆ, ಆದರೆ ತಪ್ಪು. ಕರೆ ಮಾಡುತ್ತಿರುವುದು 'ಯಾರು', 'ಯಾರನ್ನು' ಅಲ್ಲ. ಅಲ್ಲಿ 'ಹೂ' ಬೇಕು.

'ಸಮ್‌ಬಡಿ', 'ಎನಿಬಡಿ', 'ನೋಬಡಿ' ಹೇಗೆ ಆರಿಸುವುದು?

'ಯಾರೋ' ಅಂದರೆ 'ಸಮ್‌ಬಡಿ'. ಪ್ರಶ್ನೆಯಲ್ಲಿ ಬರುವ 'ಯಾರಾದರೂ' ಹೆಚ್ಚಾಗಿ 'ಎನಿಬಡಿ'. 'ಯಾರೂ ಇಲ್ಲ' ಅಂದರೆ 'ನೋಬಡಿ'. ಕೊನೆಯದರಲ್ಲಿ ಒಂದು ಗುಂಡಿ ಇದೆ. 'ಯಾರೂ ಬರಲಿಲ್ಲ' ಅನ್ನುವುದನ್ನು ಹಾಗೇ ಎತ್ತಿ 'ನೋಬಡಿ ಡಿಡ್ ನಾಟ್ ಕಮ್' ಅಂದುಬಿಡುತ್ತೇವೆ. 'ನೋಬಡಿ'ಯ ಹೊಟ್ಟೆಯಲ್ಲೇ ಒಂದು 'ಇಲ್ಲ' ಇದೆ, ಇನ್ನೊಂದು ಬೇಡ. 'ನೋಬಡಿ ಕೇಮ್' ಸಾಕು.

'ಹಿ ಟೋಲ್ಡ್ ಹಿಸ್ ಬ್ರದರ್ ಹಿ ವಾಸ್ ರಾಂಗ್' ಅಂದರೆ ತಪ್ಪು ಯಾರದು?

ಗೊತ್ತಾಗುವುದಿಲ್ಲ. ಕನ್ನಡದಲ್ಲಿ 'ತಾನು ಮಾಡಿದ್ದು ತಪ್ಪು ಅಂತ ತಮ್ಮನಿಗೆ ಹೇಳಿದ' ಅಂದರೆ ಹೇಳಿದವನದೇ ತಪ್ಪು, ಸ್ಪಷ್ಟ. ಇಂಗ್ಲಿಷಿಗೆ ಈ 'ತಾನು' ಇಲ್ಲ. ಹಾಗಾಗಿ ಹೆಸರು ಹೇಳಿ. ಇಲ್ಲವೇ ಅವನ ಮಾತನ್ನೇ ಹೇಳಿ: 'ಹಿ ಸೆಡ್, ಐ ವಾಸ್ ರಾಂಗ್'. ಒಂದೇ ವಾಕ್ಯದಲ್ಲಿ ಇಬ್ಬರು 'ಹಿ'ಗಳು ಓಡಾಡುತ್ತಿದ್ದರೆ ಒಬ್ಬರಿಗೆ ಹೆಸರು ಕೊಡುವುದೇ ದಾರಿ.

ಮೆಸೇಜಿನಲ್ಲಿ 'ಇಟ್ಸ್' ಬರೆಯುವಾಗ ಅಪಾಸ್ಟ್ರಫಿ ಬೇಕಾ ಬೇಡವಾ?

'ಇಟ್ ಈಸ್' ಅಂತ ಬಿಡಿಸಿ ಓದಲು ಬಂದರೆ ಬೇಕು. 'ಅದರ' ಅನ್ನುವ ಅರ್ಥ ಆದರೆ ಬೇಡ. 'ಯುವರ್ಸ್'ಗೆ ಯಾವತ್ತೂ ಬೇಡ. ಮಾತಾಡುವಾಗ ಈ ತಲೆನೋವೇ ಇಲ್ಲ.

ಮಾತಿನ ಮಧ್ಯೆ ತಪ್ಪಿತು ಅಂತ ಗೊತ್ತಾದರೆ ಏನು ಮಾಡಲಿ?

'ಐ' ಬದಲು 'ಮಿ' ಬಂದಿದ್ದರೆ ಬಿಟ್ಟುಬಿಡಿ, ಮುಂದೆ ಹೋಗಿ. 'ಶಿ' ಅನ್ನಬೇಕಾದಲ್ಲಿ 'ಹಿ' ಅಂದಿದ್ದರೆ ಮಾತ್ರ ತಿದ್ದಿಕೊಳ್ಳಿ, ಯಾಕೆಂದರೆ ಕೇಳುವವರು ಇನ್ಯಾರನ್ನೋ ಊಹಿಸಿಕೊಳ್ಳುತ್ತಾರೆ. ಎಲ್ಲರನ್ನೂ 'ಅವರು' ಅಂದುಕೊಂಡು ಯೋಚಿಸುವ ನಮಗೆ ಇದು ಆಗಾಗ ಆಗುವಂಥದ್ದೇ. 'ಸಾರಿ, ಶಿ' ಅಂದು ವಾಕ್ಯ ಮುಗಿಸಿ. ಎರಡು ನಿಮಿಷ ಕ್ಷಮೆ ಕೇಳುತ್ತಾ ನಿಂತರೆ ನೀವು ಏನು ಹೇಳುತ್ತಿದ್ದಿರಿ ಅನ್ನುವುದು ಇಬ್ಬರಿಗೂ ಮರೆತುಹೋಗಿರುತ್ತದೆ.